ಮಧುನಾಶಿನಿ ಎಲೆ, ಅಪ್ಪನ ಮಾತ್ರೆ, ನನ್ನ ಎಂ.ಫಾರ್ಮ್ ಥೀಸಿಸ್ಸು

ಫಾರ್ಮಕಾಲಜಿಲಿ ಎಂ.ಫಾರ್ಮ್ ಮಾಡಿರೋರು ಯಾರಾದ್ರೂ ನಿಮಗೆ ಪರಿಚಯ ಇದ್ರೆ ಅವರ ಥೀಸಿಸ್ ಟೈಟಲ್ ಕೇಳಿ ನೋಡಿ, ಇಂಥ ಗಿಡದ ಎಲೆ ಅಥವಾ ಬೇರಿನ ಎಕ್ಸ್‌ಟ್ರಾಕ್ಟ್, ಇಲಿಗಳಲ್ಲಿ ಅದರ ಆಂಟಿ ಡಯಾಬಿಟಿಕ್ ಆಕ್ಟಿವಿಟಿ ಅಂತ ಇರೋ ಚಾನ್ಸ್ ತುಂಬಾ ಜಾಸ್ತಿ. ನಂದೂ ಅದೇ. ಸಿನಾಪ್ಸಿಸ್‌ನ ಮೊದಲ ಸಾಲೂ ಈಗ ಎಲ್ಲರದ್ದೂ ಒಂದೇ, ಐಸಿಎಂಆರ್-ಇಂಡಿಯಾಬ್ ಸರ್ವೆ 2023ರಲ್ಲಿ ಹೇಳಿದ ಹಾಗೆ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ ಅನ್ನೋದು. ಎರಡನೇ ಸಾಲು "ಸಿಂಥೆಟಿಕ್ ಔಷಧಿಗಳಿಗೆ ಸೈಡ್ ಎಫೆಕ್ಟ್ ಇದೆ, ಗಿಡಮೂಲಿಕೆ ಸೇಫ್, ಅದಕ್ಕೇ ಈ ಸ್ಟಡಿ". ಈ ಎರಡನೇ ಸಾಲನ್ನ ನಾನೂ ಟೈಪ್ ಮಾಡಿ ಕೊಟ್ಟಿದ್ದೆ, ಥೀಸಿಸ್ ಮುಗಿಯೋ ಹೊತ್ತಿಗೆ ನಾನೇ ಅದನ್ನ ಡಿಲೀಟ್ ಮಾಡಿದ್ದು. ಮಧ್ಯದಲ್ಲಿ ಏನಾಯ್ತು ಅಂತ ಬರೀತಿದೀನಿ.

ಗೈಡ್ ಸರ್ ಕೊಟ್ಟಿದ್ದು ಎರಡು ಐಟಂ, ಮಧುನಾಶಿನಿ ಎಲೆ ಮತ್ತೆ ನೇರಳೆ ಬೀಜ. ಮನೇಲಿ ಅಪ್ಪನಿಗೆ ಶುಗರ್, ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1 ಒಂದು, ಜೊತೆಗೆ ಬೆಳಗ್ಗೆ ಎದ್ದ ತಕ್ಷಣ ಹೊನ್ನೆ ಮರದ ಲೋಟದಲ್ಲಿ ರಾತ್ರಿಯೆಲ್ಲ ನೆನೆದ ಕಂದು ಬಣ್ಣದ ನೀರು. ಸೋದರಮಾವನಿಗೂ ಶುಗರ್, ಆದ್ರೆ ಅವರು ಮಾತ್ರೆ ಅಂದ್ರೆ ಮುಖ ತಿರುಗಿಸೋರು. ಟಾಪಿಕ್ ಗೊತ್ತಾದ ದಿನಾನೇ ಫೋನ್ ಮಾಡಿದ್ರು.

"ಪುಟ್ಟೀ, ನೀನು ಲ್ಯಾಬಲ್ಲಿ ಟೆಸ್ಟ್ ಮಾಡಿ ಒಂದು ಮಾತು ಹೇಳ್ಬಿಡು, ನಾನು ಈ ಇಂಗ್ಲಿಷ್ ಮಾತ್ರೆ ಎಲ್ಲ ಬಿಸಾಕ್ತೀನಿ. ಕಿಡ್ನಿ ಹೊರಟೋಗುತ್ತಂತೆ ಕಣೆ."

"ಮಾವ, ಕಿಡ್ನಿ ಹಾಳು ಮಾಡೋದು ಶುಗರ್ರು, ಮಾತ್ರೆ ಅಲ್ಲ" ಅಂದೆ. ಕಿಡ್ನಿ ಆಗ್ಲೇ ಕೆಟ್ಟಿರೋರಿಗೆ ಡಾಕ್ಟರು ಮೆಟ್‌ಫಾರ್ಮಿನ್ ಕಮ್ಮಿ ಮಾಡ್ತಾರೆ, ಇಜಿಎಫ್‌ಆರ್, ಅಂದ್ರೆ ಕಿಡ್ನಿ ರಕ್ತ ಎಷ್ಟು ಚೆನ್ನಾಗಿ ಸೋಸ್ತಿದೆ ಅನ್ನೋ ಲೆಕ್ಕ, 30ಕ್ಕಿಂತ ಕೆಳಗೆ ಹೋದ್ರೆ ನಿಲ್ಲಿಸ್ತಾರೆ, ಅದನ್ನ ನಮ್ಮ ಜನ ಉಲ್ಟಾ ಹಿಡ್ಕೊಂಡು ಮಾತ್ರೆಯಿಂದಾನೇ ಕಿಡ್ನಿ ಹೋಯ್ತು ಅಂತಾರೆ. ಮಾವ ಕೇಳಿಸ್ಕೊಂಡ್ರು, ನಂಬಲಿಲ್ಲ.

ಗಿಡ ಹುಡುಕೋದೇ ಮೊದಲ ಕೆಲಸ. ಗ್ರಂಧಿಗೆ ಅಂಗಡಿಲಿ ಮಧುನಾಶಿನಿ ಪುಡಿ ಕೇಳಿದ್ರೆ ಕೊಡ್ತಾರೆ, ಆದ್ರೆ ಸರ್ "ಪುಡಿ ತಂದ್ರೆ ಬಾಟನಿಯವರು ಏನ್ ನೋಡಿ ಸೈನ್ ಹಾಕ್ತಾರಮ್ಮ" ಅಂದ್ರು. ಸರಿ, ತುಮಕೂರು ಕಡೆ ನಮ್ಮೂರಿನ ಹತ್ರ ಬೇಲಿ ಮೇಲೆ ಹಬ್ಬಿದ್ದ ಬಳ್ಳಿ, ಎದುರುಬದುರು ಎಲೆ, ಮುಟ್ಟಿದ್ರೆ ನವಿರು ಕೂದಲು, ಹಳದಿ ಸಣ್ಣ ಹೂವಿನ ಗೊಂಚಲು ಸಮೇತ ಒಂದು ರೆಂಬೆ ಕಿತ್ತು ಪೇಪರ್ ಮಧ್ಯೆ ಒತ್ತಿಟ್ಟು ತಗೊಂಡೋಗಿ ಕೊಟ್ಟೆ. ಹೂವು ಇಲ್ದಿದ್ರೆ ಅವರು ಮುಟ್ಟೋದೂ ಇಲ್ಲ. ಇದು ಇಂಥದ್ದೇ ಗಿಡ ಅಂತ ಗುರುತಿಸಿ ಎತ್ತಿಟ್ಟ ಸ್ಯಾಂಪಲ್‌ಗೆ ವೋಚರ್ ನಂಬರ್ ಬಿದ್ದ ಮೇಲೇ ಗಿಡ ಗಿಡ ಅನ್ನಿಸ್ಕೊಳ್ಳೋದು.

ಎಲೆ ತಂದ ದಿನ ಲ್ಯಾಬಲ್ಲಿ ಎಲ್ಲರೂ ಒಂದೊಂದು ಅಗಿದು ನೋಡಿದ್ವಿ. ಕಹಿ, ಸ್ವಲ್ಪ ಒಗರು. ಒಂದೆರಡು ನಿಮಿಷ ಬಾಯಲ್ಲಿ ಆಡಿಸಿ ಉಗಿದು ಆಮೇಲೆ ಸಕ್ಕರೆ ಹಾಕ್ಕೊಂಡ್ರೆ ಬಾಯಲ್ಲಿ ಮರಳು ಇಟ್ಕೊಂಡ ಹಾಗೆ, ಕರಗುತ್ತೆ ಆದ್ರೆ ಸಿಹಿ ಇಲ್ಲ. ಅಟೆಂಡರ್ ಅಣ್ಣ ಕಾಫಿ ಕುಡಿದು "ಸಕ್ಕರೇನೇ ಹಾಕಿಲ್ವಲ್ಲ" ಅಂತ ಕ್ಯಾಂಟೀನಿಗೆ ವಾಪಸ್ ಕೊಡೋಕೆ ಹೊರಟಿದ್ರು. ಎಲೆಯಲ್ಲಿರೋ ಜಿಮ್ನೆಮಿಕ್ ಆಸಿಡ್‌ಗಳು ನಾಲಿಗೆ ಮೇಲಿರೋ ಸಿಹಿ ರಿಸೆಪ್ಟರನ್ನ ಸ್ವಲ್ಪ ಹೊತ್ತು ಮುಚ್ಚಿಬಿಡ್ತವೆ, ಅಷ್ಟೇ ವಿಷಯ. ಇದನ್ನ ನೋಡಿದವರು ನಾಲಿಗೇಲೇ ಸಿಹಿ ಸಾಯಿಸುತ್ತೆ ಅಂದ್ಮೇಲೆ ರಕ್ತದಲ್ಲೂ ಸಾಯಿಸುತ್ತೆ ಅಂತ ನೇರ ಲೆಕ್ಕ ಹಾಕ್ತಾರೆ. ನಾಲಿಗೇಲಿ ಆಗೋದೇ ಬೇರೆ, ರಕ್ತದಲ್ಲಿ ಆಗ್ಬೇಕಿರೋದೇ ಬೇರೆ. ಬಾಯಿ ಸಪ್ಪೆಯಾಗಿ ಲಡ್ಡು ಒಂದು ಕಮ್ಮಿ ತಿಂದ್ರೆ ಅದೂ ಲಾಭಾನೇ, ಅದು ಬೇರೆ ಮಾತು.

ನೆರಳಲ್ಲಿ ಒಣಗಿಸಿ, ದಪ್ಪ ಪುಡಿ ಮಾಡಿ, ಪೆಟ್ರೋಲಿಯಂ ಈಥರ್‌ನಲ್ಲಿ ಕೊಬ್ಬು ತೆಗೆದು, ಆಮೇಲೆ ಸಾಕ್ಸ್‌ಲೆಟ್ ಅನ್ನೋ ಗಾಜಿನ ಉಪಕರಣದಲ್ಲಿ ಸಾಲ್ವೆಂಟ್ ಹಾಯಿಸಿ ಸಾರ ಇಳಿಸೋದು. ಎಥೆನಾಲ್ ಬೇಕಂದ್ರೆ ಅಬಕಾರಿ ಇಲಾಖೆ ಪರ್ಮಿಟ್ ಬೇಕು, ಅದರ ಸಹವಾಸ ಬೇಡ ಅಂತ ಎಷ್ಟೋ ಕಾಲೇಜಲ್ಲಿ ಮೆಥನಾಲ್‌ನಲ್ಲೇ ಮಾಡ್ತಾರೆ, ನಮ್ಮಲ್ಲೂ ಹಂಗೇ. ಸಾಕ್ಸ್‌ಲೆಟ್ ಮುಂದೆ ಕೂತ್ಕೊಂಡು ನೋಡೋದೇ ಒಂದು ಧ್ಯಾನ, ಸಾಲ್ವೆಂಟ್ ಮೇಲಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ತುಂಬ್ಕೊಂಡು ಪಕ್ಕದ ಸಣ್ಣ ಕೊಳವೆ ಮಟ್ಟಕ್ಕೆ ಬಂದ ತಕ್ಷಣ ಗುಳುಕ್ ಅಂತ ಪೂರ್ತಿ ಕೆಳಗೆ ಇಳಿಯುತ್ತೆ, ಮತ್ತೆ ತುಂಬುತ್ತೆ, ಮತ್ತೆ ಇಳಿಯುತ್ತೆ, ಮೊದಲು ಕಡು ಹಸಿರು, ಸಂಜೆ ಹೊತ್ತಿಗೆ ತಿಳಿ ಹಳದಿ, ಬಣ್ಣ ಹೋದ್ಮೇಲೆ ನಿಲ್ಲಿಸ್ಬೇಕು. ರೋಟರಿ ಇವ್ಯಾಪರೇಟರ್‌ನಲ್ಲಿ ಮೆಥನಾಲ್ ಎಲ್ಲ ಹಾರಿಸಿದ್ರೆ ಕೊನೆಗೆ ಉಳಿಯೋದು ಕಪ್ಪು ಹಸಿರು ಅಂಟು. ನೂರು ಗ್ರಾಂ ಪುಡಿಗೆ ಹನ್ನೆರಡು ಗ್ರಾಂ ಆಸುಪಾಸು ಬರುತ್ತೆ. ಗಾಳಿಗೆ ಇಟ್ರೆ ನೀರು ಎಳ್ಕೊಳ್ಳುತ್ತೆ, ಬಟರ್ ಪೇಪರ್ ಮೇಲೆ ತೂಗೋಕೆ ಹೋದ್ರೆ ಸ್ಪ್ಯಾಚುಲಾಗೆ ಅರ್ಧ, ಪೇಪರ್‌ಗೆ ಅರ್ಧ.

ಈ ಅಂಟನ್ನ ಸಣ್ಣ ಬಾಟಲಿಲಿ ಮನೆಗೆ ತಗೊಂಡೋಗಿ ತೋರಿಸ್ದಾಗ ಅಪ್ಪ ಕೇಳಿದ ಪ್ರಶ್ನೆ ಇಡೀ ಥೀಸಿಸ್‌ಗಿಂತ ದೊಡ್ಡದು. "ಇದ್ರಲ್ಲಿ ಔಷಧಿ ಎಷ್ಟು, ಬರೀ ಎಲೆ ರಸ ಎಷ್ಟು?" ಅವರ ಮೆಟ್‌ಫಾರ್ಮಿನ್ ಮಾತ್ರೆಲಿ 500 ಅಂತ ಬರೆದಿದ್ರೆ ಒಳಗೆ 500 ಆಸುಪಾಸೇ ಇರ್ಬೇಕು, ಔಷಧಿಗಳ ಗುಣಮಟ್ಟದ ಪುಸ್ತಕ ಫಾರ್ಮಕೋಪಿಯಾ ಹಾಕಿರೋ ಮಿತಿ ದಾಟಿದ್ರೆ ಬ್ಯಾಚೇ ಫೇಲು. ನನ್ನ ಅಂಟಲ್ಲಿ ಸಪೋನಿನ್ ಇದೆ, ಅಲ್ಲಾಡಿಸಿದ್ರೆ ನೊರೆ ಬರುತ್ತೆ, ಟ್ಯಾನಿನ್ ಇದೆ, ಫ್ಲೇವನಾಯ್ಡ್ ಇದೆ, ಇಷ್ಟೇ ನಾನು ಹೇಳಬಹುದಿದ್ದು. ಮುಂದಿನ ಸೀಸನ್ ಎಲೆ ತಂದ್ರೆ, ಬೇರೆ ಮಣ್ಣಿನ ಎಲೆ ತಂದ್ರೆ ಪ್ರಮಾಣ ಬೇರೆ.

ಇನ್ನು ಟೆಸ್ಟ್ ಟ್ಯೂಬ್ ಕೆಲಸ. ಆಲ್ಫಾ ಗ್ಲೂಕೋಸಿಡೇಸ್ ಅಂತ ಕರುಳಲ್ಲಿರೋ ಎನ್ಝೈಮು, ಊಟದ ಪಿಷ್ಟ, ಸಕ್ಕರೆನ ಕೊನೆ ಹಂತದಲ್ಲಿ ಗ್ಲೂಕೋಸ್ ಮಾಡೋದು ಅದು, ಅದನ್ನ ತಡೆದ್ರೆ ಊಟ ಆದ್ಮೇಲೆ ಶುಗರ್ ಒಂದೇ ಸಲ ಏರಲ್ಲ. ಅಕಾರ್ಬೋಸ್ ಮಾತ್ರೆ ಕೆಲಸ ಮಾಡೋದು ಹಿಂಗೇ. ಲ್ಯಾಬಲ್ಲಿ ಎನ್ಝೈಮು, ಎನ್ಝೈಮ್ ಕತ್ತರಿಸಿದ್ರೆ ಹಳದಿ ಬಣ್ಣ ಬಿಡೋ ಪಿಎನ್‌ಪಿಜಿ ಅನ್ನೋ ಸಬ್‌ಸ್ಟ್ರೇಟು, 37 ಡಿಗ್ರಿ, ಕೊನೆಗೆ ಸೋಡಿಯಂ ಕಾರ್ಬೋನೇಟ್ ಹಾಕಿ ನಿಲ್ಲಿಸಿ 405 ನ್ಯಾನೋಮೀಟರ್‌ನಲ್ಲಿ ಹಳದಿ ಬಣ್ಣ ಎಷ್ಟು ಅಂತ ಓದೋದು. ಹಳದಿ ಕಮ್ಮಿ ಅಂದ್ರೆ ಎನ್ಝೈಮ್ ತಡೆದಿದೆ. ರಿಸಲ್ಟ್ ನೋಡಿ ಬೆಚ್ಚಿಬಿದ್ದೆ, ನೇರಳೆ ಬೀಜದ ಎಕ್ಸ್‌ಟ್ರಾಕ್ಟು ಅಕಾರ್ಬೋಸ್‌ಗಿಂತ ಎಷ್ಟೋ ಪಟ್ಟು ಸ್ಟ್ರಾಂಗು, ಮಧುನಾಶಿನೀನೂ ಅಕಾರ್ಬೋಸನ್ನ ಹಿಂದೆ ಹಾಕಿತ್ತು. ಸರ್ ಫುಲ್ ಖುಷಿ, "ಪಬ್ಲಿಷ್ ಮಾಡೋಣ" ಅಂದ್ರು.

ನನಗೆ ಮಾತ್ರ ಸಮಾಧಾನ ಇಲ್ಲ. ಜಗತ್ತೆಲ್ಲ ತಿನ್ನೋ ಮಾತ್ರೇನ ಒಂದು ಹಣ್ಣಿನ ಬೀಜ ಇಷ್ಟು ಸುಲಭವಾಗಿ ಸೋಲಿಸುತ್ತೆ ಅಂದ್ರೆ ಎಲ್ಲೋ ಏನೋ ಇದೆ ಅಂತ ಕೂತು ಓದಿದೆ. ವಿಷಯ ಏನಂದ್ರೆ ನಾವೆಲ್ಲ ತರಿಸೋ ಎನ್ಝೈಮು ಯೀಸ್ಟ್‌ದು, ಅದೇ ಅಗ್ಗ. ಈ ಯೀಸ್ಟ್ ಎನ್ಝೈಮ್ ಮೇಲೆ ಅಕಾರ್ಬೋಸ್ ಸರಿಯಾಗಿ ಕೆಲಸಾನೇ ಮಾಡಲ್ಲ, ಪ್ರಾಣಿಗಳ ಕರುಳಿನ ಎನ್ಝೈಮ್ ಮೇಲೆ ಅದು ಎಷ್ಟೋ ಪಟ್ಟು ಚುರುಕು. ಅಂದ್ರೆ ಎದುರಾಳಿ ಕೈ ಕಟ್ಟಿ ಅಖಾಡಕ್ಕೆ ಬಿಟ್ಟಿದ್ವಿ. ಜೊತೆಗೆ ನೇರಳೆ ಬೀಜದ ತುಂಬ ಟ್ಯಾನಿನ್ನು, ಟ್ಯಾನಿನ್ ಯಾವ ಪ್ರೋಟೀನ್ ಸಿಕ್ಕಿದ್ರೂ ಹಿಡ್ಕೊಂಡು ಕೆಡವುತ್ತೆ, ಎನ್ಝೈಮೂ ಪ್ರೋಟೀನೇ ಅಲ್ವಾ. ಮಿಶ್ರಣಕ್ಕೆ ಬಿಎಸ್‌ಎ ಅನ್ನೋ ಬೇರೆ ಪ್ರೋಟೀನ್ ಸೇರಿಸಿ ಮತ್ತೆ ಮಾಡಿದ್ರೆ ನೇರಳೆ ಬೀಜದ ಪವರ್ ಅರ್ಧಕ್ಕರ್ಧ ಇಳೀತು. ಇನ್ನೊಂದು ತಮಾಷೆ, ಥೀಸಿಸ್‌ಗಳಲ್ಲಿ ನಾವು ಸಿಂಥೆಟಿಕ್ ಡ್ರಗ್ ಅಂತ ಬರೆಯೋ ಈ ಅಕಾರ್ಬೋಸ್ ಸಿಂಥೆಟಿಕ್ಕೇ ಅಲ್ಲ, ಆಕ್ಟಿನೋಪ್ಲೇನ್ಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾನ ಬೆಳೆಸಿ ತೆಗೆಯೋದು.

ಇಲಿಗಳಿಗೆ ಬರೋಣ. ಎಥಿಕ್ಸ್ ಕಮಿಟಿ ಪರ್ಮಿಷನ್ ಬಂತು, ವಿಸ್ಟಾರ್ ಇಲಿಗಳು, ಗುಂಪಿಗೆ ಆರು. ನಾರ್ಮಲ್, ಡಯಾಬಿಟಿಕ್ ಕಂಟ್ರೋಲ್ (ಶುಗರ್ ಬರ್ಸಿ ಔಷಧಿ ಕೊಡದೇ ಬಿಟ್ಟ ಗುಂಪು), ಹೋಲಿಕೆಗೆ ಗ್ಲಿಬೆನ್‌ಕ್ಲಮೈಡ್ ಅನ್ನೋ ಶುಗರ್ ಔಷಧಿ ಕಿಲೋಗೆ 5 ಎಂಜಿ, ಮಧುನಾಶಿನಿ ಕಿಲೋಗೆ 200 ಮತ್ತು 400 ಎಂಜಿ. ಶುಗರ್ ಬರ್ಸೋಕೆ ಸ್ಟ್ರೆಪ್ಟೋಝೋಟೋಸಿನ್, ಇದೂ ಮಣ್ಣಿನ ಬ್ಯಾಕ್ಟೀರಿಯಾದಿಂದಾನೇ ಬಂದಿದ್ದು ನೋಡಿ, ನ್ಯಾಚುರಲ್ ಅಂದ್ರೆ ಸೇಫ್ ಅನ್ನೋರಿಗೆ ಇದನ್ನ ಹೇಳ್ಬೇಕು, ಪ್ಯಾಂಕ್ರಿಯಾಸ್‌ನಲ್ಲಿ ಇನ್ಸುಲಿನ್ ತಯಾರಿಸೋ ಬೀಟಾ ಕೋಶಗಳನ್ನ ಹುಡುಕ್ಕೊಂಡು ಹೋಗಿ ಕೊಲ್ಲುತ್ತೆ. ಐಸಲ್ಲಿಟ್ಟ ಸಿಟ್ರೇಟ್ ಬಫರ್‌ನಲ್ಲಿ ಕರಗಿಸಿ ನಿಮಿಷಗಳಲ್ಲಿ ಇಂಜೆಕ್ಷನ್ ಮುಗಿಸ್ಬೇಕು, ಇಲ್ದಿದ್ರೆ ಔಷಧಿ ಕೆಟ್ಟೋಗುತ್ತೆ. ಮೊದಲ ರಾತ್ರಿ ಗ್ಲೂಕೋಸ್ ನೀರು ಇಡ್ಬೇಕು, ಯಾಕಂದ್ರೆ ಸಾಯೋ ಬೀಟಾ ಕೋಶಗಳು ಇದ್ದಬದ್ದ ಇನ್ಸುಲಿನ್ ಎಲ್ಲ ಒಂದೇ ಸಲ ಸುರಿದುಬಿಡ್ತವೆ. ಮೂರು ದಿನ ಆದ್ಮೇಲೆ ಬಾಲದ ತುದಿಯಿಂದ ಒಂದು ಹನಿ, ಗ್ಲೂಕೋಮೀಟರ್, 250 ದಾಟಿದ್ರೆ ಸ್ಟಡಿಗೆ ಸೇರಿಸ್ತೀವಿ.

ಡಯಾಬಿಟಿಸ್ ಅಂದ್ರೆ ಏನು ಅಂತ ನನಗೆ ಅರ್ಥ ಆಗಿದ್ದು ಪಂಜರದಲ್ಲಿ. ನಾರ್ಮಲ್ ಗುಂಪಿನ ಭತ್ತದ ಹೊಟ್ಟು ಮಾರನೇ ದಿನಾನೂ ಒಣಗೇ ಇರ್ತಿತ್ತು, ಡಯಾಬಿಟಿಕ್ ಕಂಟ್ರೋಲ್ ಪಂಜರದಲ್ಲಿ ಬೆಳಗ್ಗೆ ಹಾಕಿದ ಹೊಟ್ಟು ಸಂಜೆ ಹಿಂಡಿದ್ರೆ ನೀರು ಬರ್ಬೇಕು ಹಂಗೆ. ನೀರಿನ ಬಾಟಲಿ ಖಾಲಿ ಖಾಲಿ. ತಿಂತವೆ ತಿಂತವೆ, ತೂಕ ಮಾತ್ರ ಇಳೀತಾನೇ ಹೋಗುತ್ತೆ, ಕೂದಲು ಮಾಸಲು. ರಿಪೋರ್ಟಲ್ಲಿ ಬರೀ ನಂಬರ್ ಬರೀತೀವಿ, ಆ ವಾಸನೆ ಬರೆಯೋಕೆ ಕಾಲಂ ಇಲ್ಲ.

ನಾಕು ವಾರ ಆದ್ಮೇಲೆ 400ರ ಗುಂಪಲ್ಲಿ ಶುಗರ್ ಚೆನ್ನಾಗೇ ಇಳಿದಿತ್ತು, ಗ್ಲಿಬೆನ್‌ಕ್ಲಮೈಡ್ ಗುಂಪಿಗೆ ಸರಿಸಮ. ಇಲ್ಲಿ ಎಲ್ಲರೂ ಬರೆಯೋ ಸಾಲು "ಎಕ್ಸ್‌ಟ್ರಾಕ್ಟು ಸ್ಟ್ಯಾಂಡರ್ಡ್ ಡ್ರಗ್‌ಗೆ ಸಮಾನ". ಆದ್ರೆ ಗ್ಲಿಬೆನ್‌ಕ್ಲಮೈಡ್ ಕೆಲಸ ಮಾಡೋದು ಬೀಟಾ ಕೋಶಗಳನ್ನ ತಟ್ಟಿ ಎಬ್ಬಿಸಿ ಇನ್ಸುಲಿನ್ ಬಿಡ್ಸೋ ಮೂಲಕ, ನಾವು ಆ ಕೋಶಗಳನ್ನೇ ಮೊದಲು ಕೊಂದಿದೀವಿ, ಯಾರನ್ನ ಎಬ್ಬಿಸ್ಬೇಕು ಅದು? ಹೀಗಾಗಿ ಸ್ಟ್ಯಾಂಡರ್ಡ್ ಗುಂಪು ಸಹಜವಾಗೇ ಡಲ್ಲು, ಅದಕ್ಕೆ ಸಮ ಅಂದ್ರೆ ಹೆಮ್ಮೆ ಪಡೋ ವಿಷಯ ಏನಲ್ಲ. ಮೆಟ್‌ಫಾರ್ಮಿನ್ ಗುಂಪು ಒಂದು ಸೇರಿಸೋಣ ಸರ್ ಅಂದಿದ್ದೆ, ಸ್ಯಾಂಕ್ಷನ್ ಆಗಿರೋ ಇಲಿ ಇಷ್ಟೇ ಕಣಮ್ಮ ಅಂದ್ರು, ಅದೂ ನಿಜಾನೇ.

ಆಮೇಲೆ ಮನುಷ್ಯನ ಲೆಕ್ಕ ಹಾಕಿದೆ, ಇದನ್ನ ಥೀಸಿಸ್‌ನಲ್ಲಿ ಹಾಕೋರು ಕಮ್ಮಿ. ಇಲಿ ಡೋಸನ್ನ 6.2ರಿಂದ ಭಾಗಿಸಿದ್ರೆ ಮನುಷ್ಯನ ಡೋಸ್ ಅಂದಾಜು ಸಿಗುತ್ತೆ. 400 ಅಂದ್ರೆ ಕಿಲೋಗೆ 64.5 ಎಂಜಿ, 60 ಕೆಜಿ ಅಪ್ಪನಿಗೆ ದಿನಕ್ಕೆ 3.9 ಗ್ರಾಂ ಅಂಟು, ನನ್ನ ಯೀಲ್ಡ್ ಪ್ರಕಾರ ಅಷ್ಟಕ್ಕೆ 32 ಗ್ರಾಂ ಒಣ ಎಲೆಪುಡಿ. ದಿನಾ. ಬೆಳಗ್ಗೆ ಎರಡು ಎಲೆ ಅಗಿಯೋದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ. ಅದೇ ಲೆಕ್ಕದಲ್ಲಿ ಗ್ಲಿಬೆನ್‌ಕ್ಲಮೈಡ್ 5 ಎಂಜಿ ಮನುಷ್ಯನಿಗೆ ದಿನಕ್ಕೆ 48 ಎಂಜಿ ಆಗುತ್ತೆ, ಡಾಕ್ಟರು ಕೊಡೋ ಗರಿಷ್ಠವೇ 20. ಎರಡೂ ಕಡೆ ನಿಜಜೀವನದಲ್ಲಿ ಇಲ್ಲದ ಡೋಸ್ ಇಟ್ಕೊಂಡು ನಾವು ಹೋಲಿಕೆ ಮಾಡ್ತಿರೋದು.

ಹಂಗಂತ ಗಿಡದಲ್ಲಿ ಏನೂ ಇಲ್ಲ ಅಂತಲ್ಲ. 1990ರಲ್ಲಿ ಮದ್ರಾಸ್ ಯೂನಿವರ್ಸಿಟಿಯವರು ಮಧುನಾಶಿನಿ ಎಕ್ಸ್‌ಟ್ರಾಕ್ಟನ್ನ 22 ಜನ ಟೈಪ್ 2 ಪೇಷಂಟ್‌ಗಳಿಗೆ ಮಾತ್ರೆ ಜೊತೆಗೇ ದಿನಕ್ಕೆ 400 ಎಂಜಿ ಒಂದೂವರೆ ವರ್ಷದ ಮೇಲೆ ಕೊಟ್ಟು ನೋಡಿದ್ರು, ಅದರಲ್ಲಿ ಐದು ಜನ ಮಾತ್ರೆ ನಿಲ್ಲಿಸೋ ಹಂತಕ್ಕೆ ಬಂದ್ರು. ಅಪ್ಪನ ಹೊನ್ನೆ ಲೋಟದ ಹೊನ್ನೇನೂ ಐಸಿಎಂಆರ್‌ನವರು ಹೊಸದಾಗಿ ಶುಗರ್ ಬಂದೋರಿಗೆ ಕೊಟ್ಟು 1998ರಲ್ಲಿ ವರದಿ ಮಾಡಿದ್ರು, 97 ಜನರಲ್ಲಿ 67 ಜನಕ್ಕೆ ಕಂಟ್ರೋಲ್ ಬಂತು, ಆದ್ರೆ ಅಲ್ಲಿ ಕೊಟ್ಟಿದ್ದು ಗ್ರಾಂ ಲೆಕ್ಕದಲ್ಲಿ ಎಕ್ಸ್‌ಟ್ರಾಕ್ಟು, ಲೋಟ ನೆನೆಸಿದ ನೀರಲ್ಲ, ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ. ಈಗ ಮೆಟ್‌ಫಾರ್ಮಿನ್ ಕಡೆ ನೋಡಿ, ಬ್ರಿಟನ್ನಿನ ಯುಕೆಪಿಡಿಎಸ್ ಸ್ಟಡಿ 1977ರಲ್ಲಿ ಶುರುವಾಗಿ 1998ರಲ್ಲಿ ರಿಸಲ್ಟ್ ಕೊಟ್ಟಿದ್ದು, ಒಟ್ಟು 5,102 ಜನ, ಅದರಲ್ಲಿ ತೂಕ ಜಾಸ್ತಿ ಇದ್ದು ಮೆಟ್‌ಫಾರ್ಮಿನ್ ತಗೊಂಡೋರಲ್ಲಿ ಸಾವು 36 ಪರ್ಸೆಂಟ್ ಕಮ್ಮಿ. ಶುಗರ್ ಇಳೀತು ಅನ್ನೋದು ಒಂದು, ಜೀವ ಉಳೀತು ಅನ್ನೋದು ಇನ್ನೊಂದು. ಈ ಎರಡನೇದನ್ನ ಇಷ್ಟು ವರ್ಷ ಕಾದು ನೋಡಿರೋ ಗಿಡದ ಎಕ್ಸ್‌ಟ್ರಾಕ್ಟು ನನ್ನ ಓದಲ್ಲಿ ಒಂದೂ ಸಿಗಲಿಲ್ಲ.

ಮೆಟ್‌ಫಾರ್ಮಿನ್‌ಗೂ ಗಿಡದ ನಂಟಿದೆ ಅಂದ್ರೆ ಮಾವ ನಂಬೋದೇ ಇಲ್ಲ. ಯೂರೋಪಲ್ಲಿ ಗ್ಯಾಲೆಗಾ ಅಂತ ಒಂದು ಗಿಡ, ಹಳೇ ಕಾಲದಿಂದ ನಾಟಿ ಮದ್ದಿಗೆ ಬಳಸ್ತಿದ್ರು, ಕುರಿ ಜಾಸ್ತಿ ತಿಂದ್ರೆ ಸಾಯ್ತವೆ. ಅದರಲ್ಲಿರೋ ಗ್ಯಾಲೆಗೀನ್ ಶುಗರ್ ಇಳಿಸುತ್ತೆ, ಆದ್ರೆ ವಿಷ. ಅದೇ ಜಾತಿಯ ಮಾಲಿಕ್ಯೂಲ್‌ಗಳನ್ನ ಲ್ಯಾಬಲ್ಲಿ ಮಾಡ್ತಾ ಮಾಡ್ತಾ 1922ರಲ್ಲಿ ಮೆಟ್‌ಫಾರ್ಮಿನ್ ತಯಾರಾಯ್ತು, ಫ್ರಾನ್ಸಲ್ಲಿ ಜಾನ್ ಸ್ಟರ್ನ್ ಅನ್ನೋ ಡಾಕ್ಟರು 1957ರಲ್ಲಿ ಪೇಷಂಟ್‌ಗಳ ಮೇಲಿನ ರಿಸಲ್ಟ್ ಪ್ರಕಟ ಮಾಡಿದ್ರು. ಇತ್ತೀಚೆಗೆ ಅಪ್ಪನಿಗೆ ಡಾಪಾಗ್ಲಿಫ್ಲೋಝಿನ್ ಸೇರಿಸಿದ್ದಾರೆ, 2020ರಲ್ಲಿ ಪೇಟೆಂಟ್ ಮುಗಿದ್ಮೇಲೆ ನಮ್ಮಂಥೋರ ಕೈಗೂ ಎಟುಕೋ ರೇಟಾಯ್ತು, ಅದರ ಮೂಲ 1835ರಲ್ಲಿ ಸೇಬಿನ ಮರದ ಬೇರಿನ ತೊಗಟೆಯಿಂದ ತೆಗೆದ ಫ್ಲೋರಿಝಿನ್. ಗಿಡ ಒಂದು ಪಾರ್ಟಿ, ಕೆಮಿಕಲ್ ಇನ್ನೊಂದು ಪಾರ್ಟಿ ಅಂತ ಎಲೆಕ್ಷನ್ ಥರ ಮಾತಾಡೋದು ಕೇಳಿದ್ರೆ ಈಗ ನನಗೆ ಸುಸ್ತಾಗುತ್ತೆ.

ಮಾವನ ಕಥೆ ಹೇಳ್ಬೇಕು. ನಾನು ಇಲಿ ಕೆಲಸದಲ್ಲಿ ಮುಳುಗಿದ್ದಾಗ ಅವರು ಯಾವುದೋ ವಿಡಿಯೋ ನೋಡಿ ನೂರಕ್ಕೆ ನೂರು ಗಿಡಮೂಲಿಕೆ ಅನ್ನೋ ಚೂರ್ಣ ತರಿಸ್ಕೊಂಡು ಮಾತ್ರೆ ಪೂರ್ತಿ ಬಿಟ್ಟಿದ್ರು. ಶುಗರ್ ಸರ್ರಂತ ಇಳೀತು. ಊರೆಲ್ಲ ಹೇಳ್ಕೊಂಡು ಬಂದ್ರು. ಒಂದು ರಾತ್ರಿ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು, ಅತ್ತೆ ಗಾಬರಿಯಾಗಿ ಸಕ್ಕರೆ ನೀರು ಕುಡಿಸಿದ್ಮೇಲೆ ಸರಿಹೋದ್ರು. ನನಗೆ ಆಗ್ಲೇ ಅನುಮಾನ, ಚಮಚ ಎಲೆಪುಡಿಗೆ ಶುಗರ್ ಹಿಂಗೆ ಬೀಳಲ್ಲ.

ಡಬ್ಬಿಯಿಂದ ಒಂದಿಷ್ಟು ತಂದು ಮೆಥನಾಲ್‌ನಲ್ಲಿ ಕರಗಿಸಿ ಸೋಸಿ, ಮಿಶ್ರಣದಲ್ಲಿರೋದನ್ನ ಬೇರೆ ಬೇರೆ ಎತ್ತರಕ್ಕೆ ಬಿಡಿಸಿ ತೋರಿಸೋ ಟಿಎಲ್‌ಸಿ ಪ್ಲೇಟ್ ಮೇಲೆ ಒಂದು ಚುಕ್ಕೆ ಇಟ್ಟೆ, ಪಕ್ಕದಲ್ಲಿ ನನ್ನ ಗ್ಲಿಬೆನ್‌ಕ್ಲಮೈಡ್ ಸ್ಟ್ಯಾಂಡರ್ಡ್‌ದು ಒಂದು. ಸಾಲ್ವೆಂಟ್ ಮೇಲೇರಿದ್ಮೇಲೆ ಒಣಗಿಸಿ ಯುವಿ ಲ್ಯಾಂಪ್ ಕೆಳಗೆ ಹಿಡಿದ್ರೆ ಹಸಿರು ಹೊಳಪಿನ ಮೇಲೆ ಎರಡು ಕಪ್ಪು ಕಲೆ, ಒಂದೇ ಎತ್ತರದಲ್ಲಿ, ಅಕ್ಕಪಕ್ಕ. ಟಿಎಲ್‌ಸಿ ಒಂದನ್ನೇ ನಂಬೋಕಾಗಲ್ಲ ಅಂತ ಸರ್‌ನ ಕೇಳಿ ಇದೇ ಕೆಲಸನ ಇನ್ನೂ ನಿಖರವಾಗಿ ಮಾಡೋ ಎಚ್‌ಪಿಎಲ್‌ಸಿ ಮೆಷಿನ್‌ಗೂ ಹಾಕಿಸಿದ್ವಿ, ಅಲ್ಲೂ ಪೀಕ್ ಅದೇ ಜಾಗದಲ್ಲಿ ಬಂತು, ಸ್ಪೆಕ್ಟ್ರಮ್ಮೂ ಅದೇ. ಇದೇನು ಹೊಸದಲ್ಲ, 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುಗರ್‌ಗೆ ಅಂತ ಮಾರ್ತಿದ್ದ ಚೀನಾದ ಗಿಡಮೂಲಿಕೆ ಔಷಧಿಗಳಲ್ಲಿ ಇದೇ ಗ್ಲಿಬೆನ್‌ಕ್ಲಮೈಡೂ ಬ್ಯಾನ್ ಆಗಿದ್ದ ಫೆನ್‌ಫಾರ್ಮಿನ್ ಅನ್ನೋ ಹಳೇ ಶುಗರ್ ಔಷಧಿಯೂ ಸಿಕ್ಕಿತ್ತು.

"ಮಾವ, ನೀವು ಬಿಟ್ಟಿದ್ದು ಇಂಗ್ಲಿಷ್ ಮಾತ್ರೆ, ತಿಂತಿದ್ದಿದ್ದೂ ಇಂಗ್ಲಿಷ್ ಮಾತ್ರೇನೇ. ಎಷ್ಟು ತಿಂತಿದೀರ ಅಂತ ಮಾತ್ರ ನಿಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ" ಅಂದೆ.

ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಕೆಲಸ ಮಾಡಿದ್ದು ಅದೇ ಅನ್ನು" ಅಂದ್ರು. ಆಮೇಲೆ ಡಾಕ್ಟರ್ ಹತ್ರ ಹೋಗಿ ಮೆಟ್‌ಫಾರ್ಮಿನ್ ವಾಪಸ್ ಶುರು ಮಾಡಿದ್ದಾರೆ. ಹಾಗಲಕಾಯಿ ಪಲ್ಯ, ಮೆಂತ್ಯ ನೆನೆಸಿದ್ದು ಎಲ್ಲ ತಿಂತಾರೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಪ್ಪನೂ ಮಧುನಾಶಿನಿ ಎಲೆ ಕೇಳಿದ್ರು, ಗ್ಲಿಮೆಪಿರೈಡ್ ತಗೊಳ್ಳೋರು ಅಂತ ಮೊದಲು ಡಾಕ್ಟರಿಗೆ ಹೇಳಿಸ್ದೆ, ಎರಡೂ ಸೇರಿ ಶುಗರ್ ಲೋ ಆಗೋ ಸಾಧ್ಯತೆ ಇರುತ್ತೆ, ಮನೇಲಿ ಗ್ಲೂಕೋಮೀಟರ್ ಇಟ್ಕೊಂಡು ಚೆಕ್ ಮಾಡ್ತಾ ಇರಿ ಅಂದ್ರು.

ವೈವಾಲಿ ಎಕ್ಸ್‌ಟರ್ನಲ್ ಕೇಳಿದ ಮೊದಲ ಪ್ರಶ್ನೇನೇ "ಯೀಸ್ಟ್ ಎನ್ಝೈಮ್ ಯಾಕೆ ತಗೊಂಡ್ರಿ?" ಅಷ್ಟರಲ್ಲಿ ನಾನು ಸ್ಟಡಿ ಮುಗಿದ ನಾರ್ಮಲ್ ಗುಂಪಿನ ಇಲಿಗಳ ಸಣ್ಣ ಕರುಳಿನ ಒಳಪದರ ಕೆರೆದು ಅದರಿಂದಾನೂ ಎನ್ಝೈಮ್ ಮಾಡಿ ನೋಡಿದ್ದೆ, ಮಾಲ್ಟೋಸ್ ಕೊಟ್ಟು ಹುಟ್ಟೋ ಗ್ಲೂಕೋಸನ್ನ ಮಾಮೂಲಿ ಜಿಒಡಿ-ಪಿಒಡಿ ಕಿಟ್‌ನಲ್ಲಿ ಅಳೆಯೋದು. ಅಲ್ಲಿ ಅಕಾರ್ಬೋಸ್ ಚಿಟಿಕೆಯಷ್ಟಕ್ಕೇ ಎನ್ಝೈಮನ್ನ ಕಟ್ಟಿಹಾಕಿತ್ತು, ನಮ್ಮ ಎರಡೂ ಎಕ್ಸ್‌ಟ್ರಾಕ್ಟು ತುಂಬಾ ಹಿಂದೆ. ಎರಡೂ ಟೇಬಲ್ ಪಕ್ಕಪಕ್ಕ ಇಟ್ಟು ತೋರಿಸ್ದೆ. ಸರ್‌ಗೆ ಮೊದಲ ಟೇಬಲ್ ಒಂದೇ ಸಾಕಿತ್ತು ಅನ್ಸುತ್ತೆ, ಆದ್ರೆ ಎರಡನೇದನ್ನ ತೆಗಿ ಅಂತ ಹೇಳಲಿಲ್ಲ, ಅದು ಅವರ ದೊಡ್ಡಗುಣ.

ಜೂನಿಯರ್ಸ್ ಯಾರಾದ್ರೂ ಇದೇ ಟಾಪಿಕ್ ತಗೊಂಡ್ರೆ, ಆ ಕರುಳಿನ ಎನ್ಝೈಮ್‌ಗೆ ಬೇರೆ ಇಲಿ ಕೊಲ್ಲೋದು ಬೇಡ, ಹೆಂಗಿದ್ರೂ ಕೊನೆ ದಿನ ಪ್ಯಾಂಕ್ರಿಯಾಸ್ ತೆಗೆಯೋವಾಗ ಕರುಳನ್ನ ಬಿಸಾಡ್ತೀರಲ್ಲ, ಅದನ್ನೇ ಐಸಲ್ಲಿ ಎತ್ತಿಡಿ, ಆದ್ರೆ ಎಥಿಕ್ಸ್ ಅರ್ಜಿಲಿ ಮೊದಲೇ ಬರೀಬೇಕು. ಮೆಟ್‌ಫಾರ್ಮಿನ್ ಗುಂಪನ್ನೂ ಅದೇ ಅರ್ಜಿಲೇ ಕೇಳ್ಬಿಡಿ, ಆಮೇಲೆ ಕೊಡಲ್ಲ.